ಆರು ವೆಬ್‌ಸೈಟ್‌, ಆದರೆ ಆಧಾರ ಎಷ್ಟು?

ಪ್ರಶ್ನೆ: ನಾನು ಡಿಗ್ರಿ ಕೊನೆಯ ವರ್ಷದ ವಿದ್ಯಾರ್ಥಿನಿ. ಆಹಾರದ ಬಗ್ಗೆ ಇರುವ ತಪ್ಪು ತಿಳಿವಳಿಕೆಗಳ ಮೇಲೆ ಪ್ರಾಜೆಕ್ಟ್ ಬರೆಯುತ್ತಿದ್ದೇನೆ. ಹಿಂದೆ ಯಾರೋ ದಶಮಾಂಶ ಬಿಂದುವನ್ನು ತಪ್ಪು ಜಾಗದಲ್ಲಿ ಇಟ್ಟಿದ್ದರಿಂದ ಪಾಲಕ್ ಸೊಪ್ಪಿನಲ್ಲಿ ಕಬ್ಬಿಣಾಂಶ ಹತ್ತು ಪಟ್ಟು ಜಾಸ್ತಿ ಎಂದು ದಾಖಲಾಯಿತಂತೆ. ಇದು ಆರು ವೆಬ್‌ಸೈಟ್‌ಗಳಲ್ಲಿ ಸಿಕ್ಕಿದೆ, ಅದರಲ್ಲಿ ಒಂದರ ವಿಳಾಸ ಡಾಟ್ ಆರ್ಗ್ (.org) ಎಂದು ಮುಗಿಯುತ್ತದೆ. ಆದರೂ ನಮ್ಮ ಗೈಡ್ ‘ಇವು ಸಾಲದು’ ಎಂದರು. ವಿಕಿಪೀಡಿಯವನ್ನೂ ಹಾಕಬಾರದಂತೆ. ಹಾಗಾದರೆ ಯಾವುದನ್ನು ನಂಬುವುದು?

ಉತ್ತರ: ನಿಮ್ಮ ಉದಾಹರಣೆ ನೋಡಿ ನನಗೆ ನಗು ಬಂತು, ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಪ್ರಶ್ನೆಗೆ ಉತ್ತರ ಅದರಲ್ಲೇ ಇದೆ.

ಈ ಬಿಂದುವಿನ ಕಥೆ ಹೆಚ್ಚು ಹಬ್ಬಿದ್ದು 1981ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಒಂದು ಲೇಖನದಿಂದ. ಬರೆದವರು ಟಿ. ಜೆ. ಹ್ಯಾಂಬ್ಲಿನ್ ಎಂಬ ವೈದ್ಯರು. ಈ ಮಾತಿಗೆ ಅವರು ಆಧಾರ ಕೊಟ್ಟಿರಲಿಲ್ಲ. 2010ರಲ್ಲಿ ಮೈಕ್ ಸಟನ್ ಎಂಬ ಅಪರಾಧಶಾಸ್ತ್ರಜ್ಞ ಹಳೆಯ ಬರಹಗಳನ್ನು ಕೆದಕಿ ನೋಡಿದರು. ಬಿಂದು ತಪ್ಪಿತ್ತು ಅನ್ನುವುದಕ್ಕೆ ಪುರಾವೆ ಸಿಗಲಿಲ್ಲ. ವಿದ್ವಾಂಸರೇ ಒಬ್ಬರನ್ನೊಬ್ಬರು ನೋಡಿ ಈ ಕಥೆಯನ್ನು ಬರೆಯುತ್ತಾ ಹೋದ ಬಗ್ಗೆ 2014ರಲ್ಲಿ ನಾರ್ವೆಯ ಸಂಶೋಧಕ ರೆಕ್ಡಾಲ್ ಒಂದು ಪ್ರಬಂಧವನ್ನೇ ಬರೆದರು. ತಪ್ಪನ್ನು ಬಯಲು ಮಾಡುತ್ತೇನೆ ಎಂದು ಹೊರಟ ಕಥೆಯನ್ನೇ ಯಾರೂ ಪರೀಕ್ಷಿಸಿರಲಿಲ್ಲ ನೋಡಿ!

ಹಾಗಾಗಿ ನಿಮ್ಮ ಹತ್ತಿರ ಇರುವುದು ಆರು ಆಧಾರ ಅಲ್ಲ. ಒಂದೇ ಮಾತು ಆರು ಬಾಯಲ್ಲಿ ಬಂದಿದೆ, ಅಷ್ಟೇ. ಒಂದೊಂದು ಸೈಟನ್ನೂ ತೆರೆದು ‘ಇವರಿಗೆ ಇದು ಎಲ್ಲಿಂದ ಗೊತ್ತಾಯಿತು?’ ಎಂದು ಕೇಳಿ. ಲಿಂಕ್ ಇದ್ದರೆ ಒತ್ತಿ, ಅದು ಕರೆದುಕೊಂಡು ಹೋದ ಕಡೆ ಹೋಗಿ. ಇಲ್ಲದಿದ್ದರೆ ಒಂದು ವಾಕ್ಯವನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಹುಡುಕಿ. ಅಕ್ಷರ ಬಿಡದೆ ಅದೇ ವಾಕ್ಯ ಬೇರೆ ಸೈಟಲ್ಲೂ ಬಂದರೆ ಕಾಪಿ ಮಾಡಿದ್ದಾರೆ ಎಂದು ತಿಳಿಯಿತಲ್ವಾ?

ಡಾಟ್ ಆರ್ಗ್ ಬಗ್ಗೆ ಹೇಳುವುದಾದರೆ, ಆ ಹೆಸರನ್ನು ಯಾರು ಬೇಕಾದರೂ ದುಡ್ಡು ಕೊಟ್ಟು ತೆಗೆದುಕೊಳ್ಳಬಹುದು. ಚೆಂದದ ಲೋಗೊ, ‘ನಮ್ಮ ಬಗ್ಗೆ’ ಪುಟದ ದೊಡ್ಡ ಮಾತು, ಇವನ್ನೆಲ್ಲ ಬರೆದವರು ಆ ಸೈಟಿನವರೇ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 10 ಇತಿಹಾಸಕಾರರು, 10 ವೃತ್ತಿಪರ ಫ್ಯಾಕ್ಟ್ ಚೆಕ್ಕರ್‌ಗಳು (ಹೇಳಿದ್ದು ನಿಜವೇ ಎಂದು ಪರಿಶೀಲಿಸುವವರು), 25 ವಿದ್ಯಾರ್ಥಿಗಳು ವೆಬ್‌ಸೈಟ್‌ಗಳನ್ನು ಎಷ್ಟು ನಂಬಬಹುದು ಎಂದು ಅಳೆದರು. ಪಿಎಚ್‌ಡಿ ಮಾಡಿದ ಇತಿಹಾಸಕಾರರೂ ಲೋಗೊ, ಡೊಮೇನ್ ಹೆಸರು ನೋಡಿ ಮೋಸಹೋದರು. ಫ್ಯಾಕ್ಟ್ ಚೆಕ್ಕರ್‌ಗಳು ಮಾಡಿದ್ದೇ ಬೇರೆ. ಸೈಟ್ ತೆರೆದ ಸ್ವಲ್ಪ ಹೊತ್ತಿಗೇ ಅದನ್ನು ಬಿಟ್ಟು, ಪಕ್ಕದಲ್ಲಿ ಹೊಸ ಟ್ಯಾಬ್‌ಗಳನ್ನು ತೆರೆದು, ಅದರ ಬಗ್ಗೆ ಬೇರೆಯವರು ಏನು ಹೇಳುತ್ತಾರೆ ಎಂದು ನೋಡಿದರು. ಕಡಿಮೆ ಹೊತ್ತಿನಲ್ಲಿ ಸರಿಯಾದ ತೀರ್ಮಾನಕ್ಕೆ ಬಂದವರು ಅವರೇ. ನೀವೂ ಹಾಗೇ ಮಾಡಿ. ಸಂಸ್ಥೆಯ ಹೆಸರು ಹಾಕಿ ಹುಡುಕಿ. ಯಾರು ನಡೆಸುತ್ತಾರೆ, ದುಡ್ಡು ಎಲ್ಲಿಂದ, ಏನಾದರೂ ಮಾರುತ್ತಾರಾ ನೋಡಿ.

ವಿಕಿಪೀಡಿಯವನ್ನು ಉಲ್ಲೇಖಿಸಬೇಡಿ, ಆದರೆ ಓದದೇ ಇರಬೇಡಿ. ಪುಟದ ಕೊನೆಯಲ್ಲಿರುವ ಉಲ್ಲೇಖಗಳ ಪಟ್ಟಿಯೇ ನಿಮಗೆ ಬೇಕಾದ್ದು. ಯಾಕೆ ಬೇಡ ಅಂದರೆ, 2008ರಲ್ಲಿ ಅಮೆರಿಕದ ಒಬ್ಬ ವಿದ್ಯಾರ್ಥಿ ಕೋಆಟಿ ಎಂಬ ಪ್ರಾಣಿಯ ಪುಟದಲ್ಲಿ ಸುಮ್ನೆ ತಮಾಷೆಗೆ ‘ಇದಕ್ಕೆ ಬ್ರೆಜಿಲಿಯನ್ ಆರ್ಡ್‌ವಾರ್ಕ್ ಎಂದೂ ಹೆಸರು’ ಎಂದು ಸೇರಿಸಿದ. ಪತ್ರಿಕೆಗಳು ಅದನ್ನೇ ಬರೆದವು. ಆಮೇಲೆ ಅಂಥ ಒಂದು ಪತ್ರಿಕೆಯ ಬರಹವೇ ವಿಕಿಪೀಡಿಯದಲ್ಲಿ ಆ ಹೆಸರಿಗೆ ಆಧಾರವಾಗಿ ಕೂತಿತು!

ಹಾಗಂತ ಜರ್ನಲ್‌ನಲ್ಲಿ ಬಂದದ್ದೆಲ್ಲ ಕಣ್ಣುಮುಚ್ಚಿ ಒಪ್ಪುವಂಥದ್ದೂ ಅಲ್ಲ. ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ) ಲಸಿಕೆಯನ್ನು ಆಟಿಸಂ ಜೊತೆ ತಳುಕು ಹಾಕಿದ, ವೇಕ್‌ಫೀಲ್ಡ್ ಎಂಬ ಬ್ರಿಟಿಷ್ ವೈದ್ಯರ ಪ್ರಬಂಧ 1998ರಲ್ಲಿ ಬಂದದ್ದು ದಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಜರ್ನಲ್‌ನಲ್ಲಿ. ಅದರಲ್ಲಿದ್ದದ್ದು ಕೇವಲ 12 ಮಕ್ಕಳು. ಜರ್ನಲ್ ಅದನ್ನು ಪೂರ್ತಿ ಹಿಂತೆಗೆದುಕೊಂಡದ್ದು 2010ರಲ್ಲಿ. ಪ್ರಬಂಧವನ್ನು ಬಳಸುವ ಮೊದಲು ಜರ್ನಲ್‌ನ ಪುಟಕ್ಕೇ ಹೋಗಿ ‘ರಿಟ್ರಾಕ್ಟೆಡ್’ (ಹಿಂತೆಗೆದುಕೊಂಡಿದೆ) ಎಂದಿದೆಯಾ ನೋಡಿ. ಎರಡು ನಿಮಿಷದ ಕೆಲಸ.

ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ: ಚಾಟ್‌ಬಾಟ್ ಕೊಟ್ಟ ಉಲ್ಲೇಖಗಳನ್ನು ತೆರೆದು ಓದದೆ ಸೇರಿಸಬೇಡಿ. ಇಲ್ಲದ ಪ್ರಬಂಧಕ್ಕೂ ಅದು ಲೇಖಕರ ಹೆಸರು, ವರ್ಷ, ಪುಟಸಂಖ್ಯೆ ಎಲ್ಲ ಕೊಡುತ್ತದೆ. 2023ರಲ್ಲಿ ನ್ಯೂಯಾರ್ಕ್‌ನಲ್ಲಿ ಇಬ್ಬರು ವಕೀಲರು ಹೀಗೆ ಇಲ್ಲದ ತೀರ್ಪುಗಳನ್ನು ಕೋರ್ಟಿಗೆ ಕೊಟ್ಟು 5,000 ಡಾಲರ್ ದಂಡಕ್ಕೆ ಒಳಗಾದರು.

ಈಗ ನಿಮ್ಮ ಪ್ರಾಜೆಕ್ಟ್‌ಗೆ ಬರೋಣ. ಪಾಲಕ್‌ನಲ್ಲಿ ಕಬ್ಬಿಣ ಎಷ್ಟಿದೆ ಎಂದು ಹೇಳಲು ಆ ಆರು ಸೈಟ್‌ಗಳು ಕೆಲಸಕ್ಕೆ ಬಾರವು. ಅದಕ್ಕೆ ಆಹಾರಾಂಶದ ಅಧಿಕೃತ ಕೋಷ್ಟಕ ಬೇಕು. 100 ಗ್ರಾಂ ಹಸಿ ಪಾಲಕ್‌ಗೆ ಸುಮಾರು 2.7 ಮಿಲಿಗ್ರಾಂ ಎಂದು ಅಮೆರಿಕದ ಕೃಷಿ ಇಲಾಖೆಯ ಕೋಷ್ಟಕದಲ್ಲಿದೆ. ಆದರೆ ಆಧಾರವಿಲ್ಲದ ಕಥೆಯೊಂದು ಹೇಗೆ ಹಬ್ಬುತ್ತದೆ ಎಂದು ತೋರಿಸಬೇಕಾದರೆ ಅದೇ ಸೈಟ್‌ಗಳು ಒಳ್ಳೆಯ ಸಾಕ್ಷಿ. ಅವನ್ನು ಅಳಿಸಬೇಡಿ. ಯಾರು ಯಾರಿಂದ ತೆಗೆದುಕೊಂಡರು ಎಂದು ತಾರೀಖಿನ ಪ್ರಕಾರ ಜೋಡಿಸಿ, ಸ್ಕ್ರೀನ್‌ಶಾಟ್ ಇಟ್ಟುಕೊಂಡು, 1981ರ ಲೇಖನದ ಪ್ರತಿಯ ಜೊತೆ ಗೈಡ್ ಮುಂದಿಡಿ.