“ನನ್ನ ತಲೀಗೆ ಹತ್ತವಲ್ದು” ಅಂದ ಮೊದಲ ಸೆಮಿಸ್ಟರ್ ಹುಡುಗ

(ಗುರುತು ಸಿಗಬಾರದೆಂದು ಹೆಸರು, ಊರು, ಮನೆಯ ವಿವರಗಳನ್ನು ಬದಲಿಸಿದೆ. ಅಂಕಗಳ ನಿಯಮ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಸ್ಕೀಮಿನದು, ಅಂದರೆ ಆ ವರ್ಷದ ಪಠ್ಯ-ಪರೀಕ್ಷಾ ನಿಯಮಾವಳಿಯದು. ಸ್ವಾಯತ್ತ ಕಾಲೇಜುಗಳಲ್ಲಿ, ಆಮೇಲೆ ಬಂದ ಸ್ಕೀಮಿನಲ್ಲಿ ವ್ಯತ್ಯಾಸ ಇರುತ್ತದೆ.)

ಶಿವು ಹಾವೇರಿ ಕಡೆಯ ಹುಡುಗ. ಹತ್ತನೆಯ ತರಗತಿವರೆಗೆ ಊರಿನ ಕನ್ನಡ ಶಾಲೆ, ಪಿಯುಸಿಗೆ ದಾವಣಗೆರೆಯ ವಸತಿ ಕಾಲೇಜು, ದ್ವಿತೀಯ ಪಿಯುಸಿಯಲ್ಲಿ 93%. ಸಿಇಟಿಯಲ್ಲಿ ಗ್ರಾಮೀಣ ಮೀಸಲಾತಿಯಡಿ ಬೆಂಗಳೂರಿನಲ್ಲಿ ಕಂಪ್ಯೂಟರ್ ಸೈನ್ಸ್ ಸೀಟು ಸಿಕ್ಕಿತ್ತು. ಮೊದಲ ಇಂಟರ್ನಲ್ಸ್ (ಕಾಲೇಜಿನೊಳಗಿನ ಟೆಸ್ಟ್) ಮುಗಿದ ಮೇಲೆ ಅವನ ಮೆಂಟರ್, ಅಂದರೆ ಅವನನ್ನು ನೋಡಿಕೊಳ್ಳುವ ಉಪನ್ಯಾಸಕರು, ಆಪ್ತಸಮಾಲೋಚನೆಗೆಂದು ನಮ್ಮಲ್ಲಿಗೆ ಕಳಿಸಿಕೊಟ್ಟರು, ತಾನಾಗಿ ಬಂದವನಲ್ಲ. ಚೀಟಿಯಲ್ಲಿ ಇದ್ದದ್ದು ಎರಡೇ ಮಾತು: ಅಟೆಂಡೆನ್ಸ್ ಕಡಿಮೆ, ಆಸಕ್ತಿ ಇಲ್ಲ.

ಆಸಕ್ತಿ ಇಲ್ಲ ಅನ್ನುವುದು ಮೊದಲ ಹತ್ತು ನಿಮಿಷದಲ್ಲೇ ಸುಳ್ಳಾಯಿತು. ಗಣಿತದಲ್ಲಿ 25ಕ್ಕೆ 7, ಸಿ ಪ್ರೋಗ್ರಾಮಿಂಗ್‌ನಲ್ಲಿ 25ಕ್ಕೆ 4 ಬಂದಿತ್ತು. ಆ ಎರಡು ಅಂಕಿಯನ್ನು ಮನೆಯಲ್ಲಿ ಹೇಳಿರಲಿಲ್ಲ. “ಕ್ಲಾಸ್‌ನ್ಯಾಗ ಕುಂತ್ರ ಏನೂ ತಿಳೀವಲ್ದ್ರಿ ಸರ್. ಬಾಜೂ ಕುಂತಾವರು ಮೊದ್ಲ ಪೈಥಾನ್ ಕಲ್ತು ಬಂದಾರ. ನನ್ನ ತಲೀಗೆ ಇದು ಹತ್ತವಲ್ದು.” ರಾತ್ರಿ ಮೂರರವರೆಗೆ ಯೂಟ್ಯೂಬ್ ಪಾಠ, ಬೆಳಿಗ್ಗೆ ಏಳಲಾಗದೆ ಮೊದಲ ಪೀರಿಯಡ್‌ಗೆ ಚಕ್ಕರ್. ಒಮ್ಮೆ ತಪ್ಪಿಸಿಕೊಂಡ ಲ್ಯಾಬ್‌ಗೆ ಮುಂದಿನ ವಾರ ಹೋಗಲು ನಾಚಿಕೆ, ಹಾಗಾಗಿ ಅದೂ ತಪ್ಪಿತು. ಪಿಜಿಯಲ್ಲಿ ನಾಲ್ಕು ಜನರ ರೂಮು, ಬೆಳಗಿನ ತಿಂಡಿ ಬಿಟ್ಟಿದ್ದ.

ಓದಿನ ಮಾತಿಗೆ ಮುಂಚೆ ಕೇಳಬೇಕಾದ್ದು ಬೇರೆ ಇರುತ್ತದೆ. ನಿದ್ದೆ ಎಷ್ಟು, ಊಟ ಸೇರುತ್ತದೆಯೇ, ಸೀನಿಯರ್‌ಗಳಿಂದ ಕಾಟ ಇದೆಯೇ, ಕುಡಿತ ಶುರುವಾಗಿದೆಯೇ, ಬದುಕು ಬೇಡ ಅನಿಸಿದ್ದುಂಟೇ. ಕೊನೆಯ ಪ್ರಶ್ನೆಯನ್ನು ಸುತ್ತುಬಳಸದೆ ಕೇಳಬೇಕು. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತು ಎಂದು ಬಹಳ ಉಪನ್ಯಾಸಕರು ಹೆದರುತ್ತಾರೆ. ಹಾಗೆ ಆಗುವುದಿಲ್ಲ, ಯಾರೋ ಒಬ್ಬರು ಕೇಳಿದರಲ್ಲ ಎಂದು ಹಗುರಾಗುವವರೇ ಹೆಚ್ಚು. ಶಿವುಗೆ ಆ ಯೋಚನೆ ಇರಲಿಲ್ಲ. “ಊರಿಗೆ ಹೋಗಿ ಹೊಲಾನ ಮಾಡ್ಲೇನು ಅನಿಸ್ತೈತ್ರಿ” ಅಂದ, ಅಷ್ಟೇ. ಇದ್ದಿದ್ದರೆ ಅಂದೇ ಮನೋವೈದ್ಯರಲ್ಲಿಗೆ ಕಳಿಸುತ್ತಿದ್ದೆವು, ಓದಿನ ಯೋಜನೆ ಬದಿಗಿರುತ್ತಿತ್ತು. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಅವನ ಮೊಬೈಲ್‌ನಲ್ಲಿ ಸೇವ್ ಮಾಡಿಸಿದೆವು. ಅಲ್ಲಿ ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ರ‍್ಯಾಗಿಂಗ್ ಇರಲಿಲ್ಲ. ಇದ್ದವರಿಗೆ ರಾಷ್ಟ್ರೀಯ ಸಹಾಯವಾಣಿ 1800-180-5522.

ಇಂಥ ಹುಡುಗರಿಗೆ “ಧೈರ್ಯವಾಗಿರು, ಎಲ್ಲಾ ಸರಿ ಹೋಗುತ್ತೆ” ಅನ್ನುವುದು ವ್ಯರ್ಥ. ಅವರ ಭಯಕ್ಕೆ ಒಂದು ಅಂಕಿ ಇರುತ್ತದೆ. ಆ ಅಂಕಿಯನ್ನು ಕಾಗದದ ಮೇಲೆ ಇಳಿಸದ ಹೊರತು ಭಯ ಕರಗುವುದಿಲ್ಲ. ಹಾಗಾಗಿ ಮೊದಲ ಭೇಟಿಯ ಅರ್ಧ ಹೊತ್ತು ಲೆಕ್ಕಕ್ಕೇ ಹೋಯಿತು.

ಒಂದು ವಿಷಯಕ್ಕೆ 100 ಅಂಕ. ಕಾಲೇಜಿನಲ್ಲಿ ಕೊಡುವ ಸಿಐಇ 50, ಸೆಮಿಸ್ಟರ್ ಕೊನೆಯ ಎಸ್‌ಇಇ 50. ಸಿಐಇಯಲ್ಲಿ ಕನಿಷ್ಠ 20 ಬಾರದಿದ್ದರೆ ಕೊನೆಯ ಪರೀಕ್ಷೆಗೆ ಕೂರಿಸುವುದೇ ಇಲ್ಲ. ಆ ವಿಷಯಕ್ಕೆ ಮತ್ತೆ ಹೆಸರು ನೋಂದಾಯಿಸಿ ಕಲಿಯಬೇಕು. ಎಸ್‌ಇಇ ಪ್ರಶ್ನೆಪತ್ರಿಕೆ 100ಕ್ಕೆ, ಅದನ್ನು 50ಕ್ಕೆ ಇಳಿಸುತ್ತಾರೆ. ಪಾಸಾಗಲು 35% ಬೇಕು, ಅಂದರೆ 18. ಇಲ್ಲೊಂದು ಗುಂಡಿ ಇದೆ. ಸಿಐಇ 20, ಎಸ್‌ಇಇ 18, ಎರಡೂ ದಾಟಿತಲ್ಲ ಎಂದು ಹುಡುಗರು ನೆಮ್ಮದಿಯಾಗಿರುತ್ತಾರೆ. ಕೂಡಿದರೆ 38. ಒಟ್ಟು 40 ಇಲ್ಲದಿದ್ದರೆ ಎಫ್, ಅಂದರೆ ನಪಾಸು. ಸಿಐಇ ಅಂಚಿನಲ್ಲಿ ನಿಂತವನಿಗೆ ಕೊನೆಯ ಪರೀಕ್ಷೆಯಲ್ಲಿ 100ಕ್ಕೆ 35 ಸಾಲದು, 40 ಬೇಕು.

ಸಿಐಇ ಅಂದರೆ ಟೆಸ್ಟ್ ಮಾತ್ರ ಅಲ್ಲ ಅನ್ನುವುದು ಶಿವುಗೆ ಗೊತ್ತಿರಲಿಲ್ಲ. ಅದರಲ್ಲಿ ಅಸೈನ್‌ಮೆಂಟ್‌ಗೆ ಒಂದು ಪಾಲು ಇರುತ್ತದೆ. ಲ್ಯಾಬ್ ಸೇರಿದ ವಿಷಯವಾದರೆ ರೆಕಾರ್ಡ್ (ಪ್ರಯೋಗ ಬರೆದಿಡುವ ಪುಸ್ತಕ) ಮತ್ತು ಲ್ಯಾಬ್ ಟೆಸ್ಟ್‌ಗೆ ಇನ್ನೊಂದು ಪಾಲು. ಅಂಥ ವಿಷಯದಲ್ಲಿ ಥಿಯರಿ ಭಾಗ, ಲ್ಯಾಬ್ ಭಾಗ ಎರಡರಲ್ಲೂ ಬೇರೆ ಬೇರೆಯಾಗಿ ಪಾಸಾಗಬೇಕು. ಅವನ ವಿಷಯಗಳ ಸಿಲಬಸ್ ಹಾಳೆ ತೆಗೆಸಿ, ಯಾವ ಭಾಗಕ್ಕೆ ಎಷ್ಟು ಎಂದು ಅವನ ಕೈಯಲ್ಲೇ ಬರೆಸಿದೆವು. ಟೆಸ್ಟ್‌ನಲ್ಲಿ ಕಳೆದುಕೊಂಡದ್ದು ವಾಪಸ್ ಬರುವುದಿಲ್ಲ. ಆದರೆ ಮೂರು ರೆಕಾರ್ಡ್, ಒಂದು ಅಸೈನ್‌ಮೆಂಟ್ ಕೊಡದೆ ಬಿಟ್ಟಿದ್ದು ಇನ್ನೂ ಕೈಯಲ್ಲಿತ್ತು. ದಡ್ಡತನ ಎಂದು ಅವನು ತಿಳಿದದ್ದರಲ್ಲಿ ಅರ್ಧಕ್ಕರ್ಧ ಇದೇ: ಕೊಡದ ಪುಸ್ತಕ.

ಅಟೆಂಡೆನ್ಸ್ ಲೆಕ್ಕ ಇನ್ನೂ ಬಿಗಿ. ನಿಯಮ 85%. ಗಣಿತದಲ್ಲಿ ನಡೆದ ಕ್ಲಾಸ್ 30, ಹಾಜರಿ 23, ಅಂದರೆ 77% ಹತ್ತಿರ. ಸೆಮಿಸ್ಟರ್ ಮುಗಿಯಲು ಇನ್ನು 26 ಕ್ಲಾಸ್. ಒಟ್ಟು 56ರ 85% ಅಂದರೆ 48. ಅಂದರೆ 26ರಲ್ಲಿ 25 ಕೂರಲೇಬೇಕು, ತಪ್ಪಿಸಲು ಉಳಿದದ್ದು ಒಂದೇ ಒಂದು. “ಹಬ್ಬಕ್ಕ ಊರಿಗೆ ಹೊಂಟಿದ್ನೆಲ್ಲ” ಅಂದ. ಹೋಗಲಿ, ಶನಿವಾರ ಮಧ್ಯಾಹ್ನ ಹೊರಟು ಸೋಮವಾರ ಮೊದಲ ಪೀರಿಯಡ್‌ಗೆ ಬಂದು ಕೂರುವ ಹಾಗೆ ರೈಲು ನೋಡಿಕೊಳ್ಳಲಿ ಎಂದೆವು. ಜ್ವರ ಬಂದರೆ ವೈದ್ಯರ ಚೀಟಿ ಅಂದೇ ಪಡೆದು ಮೆಂಟರ್ ಕೈಗೆ ಕೊಡಬೇಕು. ಸೆಮಿಸ್ಟರ್ ಕೊನೆಗೆ ಹಳೇ ತಾರೀಖಿನ ಸರ್ಟಿಫಿಕೇಟ್ ಹುಡುಕುತ್ತ ತಿರುಗುವವರನ್ನು ಪ್ರತಿ ವರ್ಷ ನೋಡುತ್ತೇವೆ, ಅದು ನಡೆಯುವುದಿಲ್ಲ.

ಇಷ್ಟಾದ ಮೇಲೆ ಓದಿನ ಮಾತು. 93% ತಂದವನಿಗೆ 7 ಯಾಕೆ ಬಂತು? ಅವನ ಉತ್ತರ ಪತ್ರಿಕೆ ತರಿಸಿ ನೋಡಿದರೆ ಕಾರಣ ಅಲ್ಲೇ ಇತ್ತು. ವಸತಿ ಕಾಲೇಜಿನಲ್ಲಿ ಎರಡು ವರ್ಷ ಅವನು ಪಳಗಿದ್ದು ನಾಲ್ಕು ಆಯ್ಕೆಯಲ್ಲಿ ಒಂದನ್ನು ನಿಮಿಷದೊಳಗೆ ಗುರುತಿಸುವುದರಲ್ಲಿ. ಬೆಳಿಗ್ಗೆ ಐದಕ್ಕೆ ಗಂಟೆ ಹೊಡೆದು ಎಬ್ಬಿಸಿ, ಸ್ಟಡಿ ಅವರ್‌ನಲ್ಲಿ ಕೂರಿಸಿ, ವಾರಕ್ಕೊಂದು ಟೆಸ್ಟ್ ಕೊಡುವವರು ಇದ್ದರು. ಇಲ್ಲಿ ಎಬ್ಬಿಸುವವರಿಲ್ಲ, ಮತ್ತು ಒಂದು ಪೂರ್ಣ ಪ್ರಶ್ನೆಗೆ 20 ಅಂಕ, ಅದನ್ನು ಹಂತ ಹಂತವಾಗಿ ಬರೆದು ತೋರಿಸಬೇಕು. ಗಣಿತದ ಒಂದು ಉತ್ತರದಲ್ಲಿ ಅವನು ಸೂತ್ರ ಬರೆದು ನೇರ ಕೊನೆಯ ಉತ್ತರಕ್ಕೆ ಜಿಗಿದಿದ್ದ. ಉತ್ತರ ಸರಿ, ಅಂಕ ಎರಡು. ಇನ್ನೊಂದು ಕಡೆ ಪ್ರಶ್ನೆ ‘ಡಿರೈವ್’ (ಸೂತ್ರವನ್ನು ಹಂತ ಹಂತವಾಗಿ ಸಾಧಿಸು) ಅಂದಿದ್ದರೆ ಇವನು ವ್ಯಾಖ್ಯೆ ಬರೆದಿಟ್ಟಿದ್ದ. ಇಂಗ್ಲಿಷ್ ಬಾರದ್ದಕ್ಕಲ್ಲ, ಪ್ರಶ್ನೆಯ ಕ್ರಿಯಾಪದ ಓದುವ ರೂಢಿ ಇಲ್ಲದ್ದಕ್ಕೆ. ಡಿಫೈನ್, ಎಕ್ಸ್‌ಪ್ಲೇನ್, ಡಿರೈವ್, ಪ್ರೂವ್, ಡಿಫರೆನ್ಷಿಯೇಟ್: ಪ್ರಶ್ನೆ ಓದುವಾಗಲೇ ಆ ಪದಕ್ಕೆ ಪೆನ್ಸಿಲ್‌ನಲ್ಲಿ ಗೆರೆ ಹಾಕು ಎಂದು ಹೇಳಿದೆವು.

ಕಂಪ್ಯೂಟರ್ ಶಾಖೆಯ ಮೊದಲ ಸೆಮಿಸ್ಟರ್ ಗಣಿತದಲ್ಲಿ ಐದು ಮಾಡ್ಯೂಲ್, ಅಂದರೆ ಪಠ್ಯದ ಭಾಗಗಳು. ಪೋಲಾರ್ ವಕ್ರಗಳು, ಸರಣಿ ಮತ್ತು ಪಾರ್ಷಿಯಲ್ ಡಿಫರೆನ್ಷಿಯೇಷನ್, ಡಿಫರೆನ್ಷಿಯಲ್ ಸಮೀಕರಣ, ಮಾಡ್ಯುಲರ್ ಅಂಕಗಣಿತ, ಲೀನಿಯರ್ ಆಲ್ಜಿಬ್ರಾ. ಪ್ರತಿ ಮಾಡ್ಯೂಲ್‌ನಿಂದ ಎರಡು ಪ್ರಶ್ನೆ ಇರುತ್ತವೆ, ಒಂದನ್ನು ಬರೆಯಬೇಕು. ಒಂದು ಮಾಡ್ಯೂಲ್ ಬಿಟ್ಟರೆ 20 ಹೋಯಿತು, ಬೇರೆ ಮಾಡ್ಯೂಲ್‌ನಿಂದ ತುಂಬಿಕೊಳ್ಳಲಾಗದು. ತಿಳಿಯದ ಪೋಲಾರ್ ವಕ್ರಕ್ಕೇ ರಾತ್ರಿಯೆಲ್ಲ ಕೂತು ಸೋಲುವ ಬದಲು ಕೊನೆಯ ಮಾಡ್ಯೂಲ್‌ನಿಂದ ಹಿಂದಕ್ಕೆ ಬಾ ಎಂದೆವು. ಮ್ಯಾಟ್ರಿಕ್ಸ್ ರ‍್ಯಾಂಕ್, ಗಾಸ್ ಎಲಿಮಿನೇಷನ್, ಗಾಸ್-ಸೈಡೆಲ್‌ಗೆ ಡಿಫರೆನ್ಷಿಯೇಷನ್ ಬೇಕಿಲ್ಲ, ಕೂಡಿ ಕಳೆದು ಗುಣಿಸಿ ಭಾಗಿಸಲು ಬಂದರೆ ಸಾಕು. ತಪ್ಪಾಗುವುದು ಚಿಹ್ನೆಯಲ್ಲಿ, ಆದ್ದರಿಂದ ಸಾಲು ಬದಲಿಸಿದ ಕ್ರಿಯೆಯನ್ನು ಬದಿಯಲ್ಲಿ ಬರೆದೇ ಮುಂದೆ ಹೋಗಬೇಕು. ಹಾಗೆ ಬರೆದಿದ್ದರೆ ಕೊನೆಯ ಉತ್ತರ ತಪ್ಪಿದರೂ ಹಂತದ ಅಂಕ ಸಿಗುತ್ತದೆ. ಮುಂದಿನ ಟೆಸ್ಟ್‌ಗೆ ಬರುವ ಭಾಗವನ್ನು ಕ್ಲಾಸ್ ಜೊತೆಗೇ ಓದುವುದು, ಕೊನೆಯ ಮಾಡ್ಯೂಲ್‌ನ ಈ ಅಭ್ಯಾಸ ಅದರ ಜೊತೆಜೊತೆಗೆ.

ಸಿ ಪ್ರೋಗ್ರಾಮಿಂಗ್ ಬೇರೆಯದೇ ರೋಗ. ಶಿವು ಹದಿನೈದು ಪ್ರೋಗ್ರಾಂ ಬಾಯಿಪಾಠ ಮಾಡಿದ್ದ. ಒಂದು ಗೆರೆ ಮರೆತರೆ ಇಡೀ ಪ್ರೋಗ್ರಾಂ ಮುಗಿಯಿತು. ಅವನ ಪತ್ರಿಕೆಯಲ್ಲಿ ಕಂಡ ತಪ್ಪುಗಳು ಎಲ್ಲ ಹೊಸಬರವೇ: ಸ್ಕ್ಯಾನ್‌ಎಫ್‌ನಲ್ಲಿ & ಬಿಡುವುದು, ಹೋಲಿಸುವಲ್ಲಿ == ಬದಲು = ಹಾಕುವುದು, ಫಾರ್ ಸಾಲಿನ ಕೊನೆಗೆ ಸೆಮಿಕೋಲನ್ ಇಟ್ಟು ಲೂಪನ್ನು ಅಲ್ಲೇ ಮುಗಿಸುವುದು, 5/2 ಅಂದರೆ 2.5 ಎಂದು ತಿಳಿಯುವುದು. ಪೂರ್ಣಾಂಕಗಳಾದರೆ ಸಿ ಭಾಷೆಯಲ್ಲಿ ಅದು 2.

ಮದ್ದು ಲ್ಯಾಪ್‌ಟಾಪ್ ಅಲ್ಲ, ಹಾಳೆ. ಒಂದು ಸಂಖ್ಯೆಯ ಅಂಕಿಗಳನ್ನು ಕೂಡಿಸುವ ಪ್ರೋಗ್ರಾಂ ತೆಗೆದುಕೊಂಡು ಮೂರು ಕಂಬದ ಕೋಷ್ಟಕ ಹಾಕಿಸಿದೆವು: ಸಂಖ್ಯೆ, ಅಂಕಿ, ಮೊತ್ತ. 472 ಕೊಟ್ಟರೆ, ಹತ್ತರಿಂದ ಭಾಗಿಸಿ ಉಳಿದ ಶೇಷ 2, ಮೊತ್ತ 2, ಸಂಖ್ಯೆ ಈಗ 47. ಮುಂದಿನ ಸುತ್ತು: ಶೇಷ 7, ಮೊತ್ತ 9, ಸಂಖ್ಯೆ 4. ಮತ್ತೊಂದು: ಶೇಷ 4, ಮೊತ್ತ 13, ಸಂಖ್ಯೆ 0, ಲೂಪ್ ನಿಂತಿತು. ಮೂರನೆಯ ಸುತ್ತಿಗೆ ಬರುವಷ್ಟರಲ್ಲಿ “ಅದಕ್ಕ ಸೊನ್ನೆ ಆಗೂತನಕ ಅಂತ ಹಾಕ್ಯಾರೇನ್ರಿ” ಎಂದು ಅವನೇ ಕೇಳಿದ. ದಿನಕ್ಕೆ ಒಂದು ಪ್ರೋಗ್ರಾಂ, ಮೊದಲು ಕೋಷ್ಟಕ, ಆಮೇಲೆ ಪುಸ್ತಕ ಮುಚ್ಚಿ ಕೈಯಲ್ಲಿ ಬರೆಯುವುದು, ಕೊನೆಗೆ ಲ್ಯಾಬ್‌ನಲ್ಲಿ ಓಡಿಸುವುದು. ದೋಷ ತೋರಿಸಿದ ಸಾಲನ್ನು ಅಳಿಸುವ ಮೊದಲು ನೋಟ್‌ಬುಕ್ಕಿನ ಹಿಂದಿನ ಪುಟಕ್ಕೆ ಇಳಿಸಿಕೊಳ್ಳುವುದು. ಪೈಥಾನ್ ಕಲಿತು ಬಂದವರ ಮುನ್ನಡೆ ನಿಜವೇ, ಆದರೆ ಮೊದಲ ವರ್ಷದ ಪಠ್ಯದ ಮಟ್ಟಿಗೆ ಅದು ಕೆಲವು ತಿಂಗಳ ಮುನ್ನಡೆ. ಅದನ್ನು ಹುಟ್ಟು ಬುದ್ಧಿ ಎಂದು ತಿಳಿಯುವುದೇ ಅಪಾಯ.

ಕ್ಲಾಸಿನ ಇಂಗ್ಲಿಷ್ ವೇಗಕ್ಕೆ ಹೇಳಿದ್ದು ಸಣ್ಣ ಉಪಾಯ. ಮಾರನೇ ದಿನದ ಪಾಠದ ಶೀರ್ಷಿಕೆ, ಸೂತ್ರ, ಚಿತ್ರ ಇಷ್ಟನ್ನೇ ಹಿಂದಿನ ರಾತ್ರಿ ಇಪ್ಪತ್ತು ನಿಮಿಷ ಓದುವುದು. ಕಿವಿಗೆ ಪದ ಮೊದಲೇ ಬಿದ್ದಿದ್ದರೆ ಮೇಷ್ಟ್ರು ಹೇಳಿದ್ದು ಹಿಡಿಯುತ್ತದೆ. ಅರ್ಥ ಕನ್ನಡದಲ್ಲಿ ಬರೆದುಕೊಳ್ಳಲಿ, ವ್ಯಾಖ್ಯೆ ಮಾತ್ರ ಇಂಗ್ಲಿಷ್‌ನಲ್ಲಿ ಬಾಯಿಗೆ ಬರಲಿ. ರಾತ್ರಿ ಹನ್ನೊಂದೂವರೆಗೆ ಮಲಗುವುದು ಸಲಹೆಯಲ್ಲ, ಷರತ್ತು. ಮೂರರವರೆಗೆ ನೋಡಿದ ವಿಡಿಯೋಗಿಂತ ಎಂಟೂವರೆಯ ಕ್ಲಾಸ್ ಅವನಿಗೆ ಹೆಚ್ಚು ಲಾಭ, ಅಟೆಂಡೆನ್ಸ್ ಬೇರೆ ಸಿಗುತ್ತದೆ. ಅಂದಹಾಗೆ ಸಾಂಸ್ಕೃತಿಕ ಕನ್ನಡ, ಸಂವಿಧಾನದಂಥ ಒಂದು ಕ್ರೆಡಿಟ್ ವಿಷಯಗಳನ್ನು ನಮ್ಮ ಕಡೆಯ ಹುಡುಗರು “ಕನ್ನಡ ತಾನೆ” ಎಂದು ತೆರೆದೂ ನೋಡುವುದಿಲ್ಲ. ಅವೂ ಪರೀಕ್ಷೆಗಳೇ, ಬಹು ಆಯ್ಕೆಯ ಪ್ರಶ್ನೆ, ಹಿಂದಿನ ದಿನ ಓದಿದರೆ ಬರುತ್ತದೆ, ಓದದಿದ್ದರೆ ಅದಕ್ಕೂ ಎಫ್ ಬೀಳುತ್ತದೆ.

ಮನೆಗೆ ಹೇಳುವುದು ಅವನಿಗೆ ಎಲ್ಲಕ್ಕಿಂತ ಕಷ್ಟವಾಗಿತ್ತು. ಒಪ್ಪಿಗೆ ಇಲ್ಲದೆ ನಾವು ಫೋನ್ ಮಾಡುವುದಿಲ್ಲ. ಜೀವಕ್ಕೆ ಅಪಾಯ ಇದ್ದಾಗ ಮಾತ್ರ ಆ ನಿಯಮ ಮುರಿಯುತ್ತೇವೆ, ಅದನ್ನು ಮೊದಲ ದಿನವೇ ಹೇಳಿರುತ್ತೇವೆ. ಎರಡನೆಯ ಭೇಟಿಯಲ್ಲಿ ಅವನೇ ತಂದೆಗೆ ಫೋನ್ ಹಚ್ಚಿ ಸ್ಪೀಕರ್‌ಗೆ ಹಾಕಿದ. ಅಂಕ ಹೇಳುವ ಮೊದಲೇ ಆ ಕಡೆಯಿಂದ “ಯಾಕೋ ತಮ್ಮಾ, ದನಿ ಹಂಗ್ಯಾಕ?” ಎಂಬ ಪ್ರಶ್ನೆ ಬಂತು. ಹೇಳಿದ ಮೇಲೆ ಸ್ವಲ್ಪ ಹೊತ್ತು ಬಿಟ್ಟು ತಂದೆ ನಮ್ಮನ್ನು ಕೇಳಿದರು: “ಉಳದ ಹುಡುಗರು ಹೆಂಗ ಓದಾಕತ್ತ್ಯಾರ್ರಿ ಸರ್?” ಯಜಮಾನರೇ, ಆ ಪ್ರಶ್ನೆ ಒಂದನ್ನು ಈ ವರ್ಷ ಕೇಳಬೇಡಿ ಎಂದೆವು. ವಾರಕ್ಕೊಮ್ಮೆ ಮೂರು ಕೇಳಿ: ಈ ವಾರ ಎಷ್ಟು ಕ್ಲಾಸ್ ತಪ್ಪಿತು, ರೆಕಾರ್ಡ್ ಕೊಟ್ಟೆಯಾ, ರಾತ್ರಿ ಎಷ್ಟಕ್ಕೆ ಮಲಗಿದೆ. ಇವಕ್ಕೆ ಸುಳ್ಳು ಹೇಳುವುದು ಕಷ್ಟ, ಮತ್ತು ಉತ್ತರ ಹುಡುಗನ ಕೈಯಲ್ಲೇ ಇರುತ್ತದೆ. ಕಾಲೇಜು ಬಿಡುವ ಮಾತನ್ನು ಮೊದಲ ಸೆಮಿಸ್ಟರ್ ಫಲಿತಾಂಶ ಬರುವವರೆಗೆ ಎತ್ತಬಾರದು ಎಂದು ಮೂವರೂ ಒಪ್ಪಿಕೊಂಡೆವು.

ರೆಕಾರ್ಡ್‌ಗಳು ಹತ್ತು ದಿನದಲ್ಲಿ ಮುಗಿದವು. ಫಿಸಿಕ್ಸ್ ಲ್ಯಾಬ್ ತಪ್ಪಿದ್ದಕ್ಕೆ ಇನ್ನೊಂದು ಬ್ಯಾಚ್ ಜೊತೆ ಪ್ರಯೋಗ ಮಾಡಲು ಉಪನ್ಯಾಸಕರು ಬಿಟ್ಟರು. ಹೋಗಿ ಕೇಳಿದ್ದಕ್ಕೆ ಸಿಕ್ಕ ಅವಕಾಶ ಅದು. ಗಣಿತದಲ್ಲಿ ಸಿಐಇ 27, ಎಸ್‌ಇಇ 22, ಪಾಸು. ಉಳಿದವೂ ಆದವು. ಸಿ ಪ್ರೋಗ್ರಾಮಿಂಗ್ ಆಗಲಿಲ್ಲ: ಸಿಐಇ 24 ಇತ್ತು, ಕೊನೆಯ ಪರೀಕ್ಷೆಯಲ್ಲಿ 100ಕ್ಕೆ 31.

ರೀವ್ಯಾಲ್ಯುಯೇಷನ್‌ಗೆ (ಮರುಮೌಲ್ಯಮಾಪನಕ್ಕೆ) ಹಾಕಲೇ ಎಂದು ಕೇಳಿಕೊಂಡು ಬಂದ. ಮೊದಲು ಉತ್ತರ ಪತ್ರಿಕೆಯ ಫೋಟೋಕಾಪಿ ತರಿಸು ಎಂದೆವು. ಬಂದದ್ದು ನೋಡಿದರೆ ಪಾಯಿಂಟರ್ ಮತ್ತು ಸ್ಟ್ರಕ್ಚರ್‌ನ ಪ್ರಶ್ನೆಗಳು ಪೂರ್ತಿ ಖಾಲಿ, ಬರೆದ ಕಡೆ ಅಂಕ ಸರಿಯಾಗೇ ಇತ್ತು. ಕೂಡಿಸಿದ್ದರಲ್ಲಿ ತಪ್ಪಿದ್ದರೆ, ಬರೆದ ಉತ್ತರವನ್ನು ನೋಡದೆ ಬಿಟ್ಟಿದ್ದರೆ ಹಾಕುವುದರಲ್ಲಿ ಅರ್ಥವಿದೆ. ಇಲ್ಲಿ ದುಡ್ಡು ದಂಡ. ಸಿಐಇ 24 ಹಾಗೇ ಉಳಿಯುತ್ತದೆ, ಕೊನೆಯ ಪರೀಕ್ಷೆ ಮಾತ್ರ ಮತ್ತೆ ಬರೆಯಬೇಕು. ಬ್ಯಾಕ್‌ಲಾಗ್ ವಿಷಯಕ್ಕೆ, ಅಂದರೆ ಪಾಸಾಗದೆ ಉಳಿದದ್ದಕ್ಕೆ, ಕ್ಲಾಸ್ ಇರುವುದಿಲ್ಲ, ಟೈಮ್ ಟೇಬಲ್‌ನಲ್ಲಿ ಜಾಗ ಇರುವುದಿಲ್ಲ, ಹಾಗಾಗಿ ಪರೀಕ್ಷೆಯ ವಾರದವರೆಗೆ ಯಾರಿಗೂ ನೆನಪೇ ಇರುವುದಿಲ್ಲ. ಮಂಗಳವಾರ, ಶುಕ್ರವಾರ ಸಂಜೆ ಒಂದೂವರೆ ಗಂಟೆ ಲೈಬ್ರರಿಯಲ್ಲಿ ಅದಕ್ಕೇ ಮೀಸಲು ಮಾಡಿಸಿದೆವು, ಪಾಯಿಂಟರ್‌ನಿಂದಲೇ ಶುರು. ಎರಡನೆಯ ಸೆಮಿಸ್ಟರ್ ಪರೀಕ್ಷಾ ಅರ್ಜಿ ತುಂಬುವಾಗ ಹಳೇ ವಿಷಯವನ್ನೂ ಸೇರಿಸಿ ಅದರ ಶುಲ್ಕ ಕಟ್ಟಬೇಕು, ಕಟ್ಟಿದ ರಸೀದಿಯಲ್ಲಿ ವಿಷಯದ ಕೋಡ್ ಬಂದಿದೆಯೇ ನೋಡಿಕೊಳ್ಳಬೇಕು. ಅದನ್ನು ಮರೆತು, ಓದಿಕೊಂಡೂ ಪರೀಕ್ಷೆಗೆ ಕೂರಲಾಗದೆ ಇನ್ನೊಂದು ಸೆಮಿಸ್ಟರ್ ಕಾಯುವವರು ಇದ್ದಾರೆ.