ಒಂದೇ ಮಳೆಗೆ ಕಲಿತ ಹೆದರಿಕೆ, ಇಪ್ಪತ್ತು ವರ್ಷಕ್ಕೂ ಬಾರದ ಮರಾಠಿ

ಪ್ರಶ್ನೆ: ನಮ್ಮ ಊರು ಕುಂದಾಪುರದ ಕಡೆ. ಡೊಂಬಿವಿಲಿಗೆ ಬಂದು ಇಪ್ಪತ್ತು ವರ್ಷ ದಾಟಿತು. 2005ರ ಜುಲೈ 26ರ ಮುಂಬೈ ಮಳೆಯಲ್ಲಿ ಕುರ್ಲಾದಲ್ಲಿ ಸಿಕ್ಕಿಹಾಕಿಕೊಂಡೆ. ಎದೆಮಟ್ಟದ ನೀರಲ್ಲಿ ನಡೆದು, ಮರುದಿನ ಸಂಜೆ ಮನೆ ಸೇರಿದೆ. ಅವತ್ತಿನಿಂದ ಜೋರು ಮಳೆ ಬಂದರೆ ಕೈಕಾಲು ನಡುಗುತ್ತದೆ, ಮನೆಯಿಂದ ಹೊರಗೆ ಹೋಗುವುದೇ ಇಲ್ಲ. ಅದೇ ಮರಾಠಿ ನೋಡಿ, ಇಷ್ಟು ವರ್ಷ ಮಾತಾಡಿದರೂ ಯಾವ ಪದ ಗಂಡು, ಯಾವುದು ಹೆಣ್ಣು, 'ನನ್ನ' ಅನ್ನಲು ಯಾವುದಕ್ಕೆ ಮಾಝಾ, ಯಾವುದಕ್ಕೆ ಮಾಝೀ ಅನ್ನುವುದು ಇನ್ನೂ ತಲೆಗೆ ಹತ್ತಿಲ್ಲ! ಮಗ ಪುಣೆಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ. ಇದನ್ನೆಲ್ಲ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ತೋರಿಸಬಹುದು ಅನ್ನುತ್ತಾನೆ, ಅವನ ಪ್ರಾಜೆಕ್ಟೇ ಅದು. ಹೆದರಿಕೆಗೂ ಲೆಕ್ಕ ಉಂಟಾ?
– ಒಬ್ಬ ಓದುಗರು, ಡೊಂಬಿವಿಲಿ

ಉತ್ತರ: ಉಂಟು. ಕೂಡುವುದು, ಕಳೆಯುವುದು, ಗುಣಿಸುವುದು ಬಂದರೆ ಸಾಕು.

ಹೆದರಿಕೆ ಆಮೇಲೆ. ಮೊದಲು ಲೋಕಲ್ ಟ್ರೇನಿನ ಸೀಟು. ಪ್ಲಾಟ್‌ಫಾರ್ಮಿನಲ್ಲಿ ಒಂದು ಹೊಸ ಜಾಗದಲ್ಲಿ ನಿಂತಿದ್ದೀರಿ. ಸೀಟಿನ ಆಸೆ ಸೊನ್ನೆ. ಆದರೆ ಸಿಕ್ಕಿತು, ಅದನ್ನು 1 ಅನ್ನೋಣ. ಅಂದುಕೊಂಡದ್ದಕ್ಕೂ ಆದದ್ದಕ್ಕೂ ನಡುವಿನ ಅಂತರ 1. ಆ ಅಂತರದ ಹತ್ತರಲ್ಲಿ ಒಂದು ಪಾಲು ಮಾತ್ರ ಮನಸ್ಸಿಗೆ ಸೇರುತ್ತದೆ ಅಂದುಕೊಳ್ಳಿ. ನಾಳೆ ನಿಮ್ಮ ನಿರೀಕ್ಷೆ 0.1. ನಾಳೆಯೂ ಸಿಕ್ಕರೆ ಅಂತರ 0.9, ನಿರೀಕ್ಷೆ 0.19. ಹೀಗೆ ಹೋದರೆ 'ಇಲ್ಲಿ ಸೀಟು ಗ್ಯಾರಂಟಿ' ಅನ್ನುವ ಭಾವನೆ 0.9 ದಾಟಲು 22 ದಿನ ಬೇಕು. ರೆಸ್ಕೋರ್ಲಾ ಮತ್ತು ವ್ಯಾಗ್ನರ್ ಎನ್ನುವ ಮನೋವಿಜ್ಞಾನಿಗಳು 1972ರಲ್ಲಿ ಪ್ರಾಣಿಗಳ ಕಲಿಕೆಗೆ ಕೊಟ್ಟ ಸೂತ್ರ ಹೆಚ್ಚುಕಡಿಮೆ ಇದೇ. ನಿಮ್ಮ ಮಗನ ಪ್ರೋಗ್ರಾಮಿನ ಒಳಗೂ ಈ ಒಂದು ಸಾಲು ಎಲ್ಲೋ ಇದ್ದೇ ಇರುತ್ತದೆ.

ಇದು ಸುಮ್ನೆ ಕಾಗದದ ಮೇಲಿನ ಲೆಕ್ಕ ಅಲ್ಲ. ವುಲ್ಫ್ರಾಮ್ ಶುಲ್ಟ್ಸ್ ಎನ್ನುವ ನರವಿಜ್ಞಾನಿ ಮಂಗಗಳ ಮಿದುಳಿನಲ್ಲಿ ಡೋಪಮೈನ್ ಎನ್ನುವ ರಸಾಯನ ಬಿಡುವ ಕೋಶಗಳನ್ನು ಗಮನಿಸುತ್ತಿದ್ದರು. ಮಂಗಕ್ಕೆ ಹಣ್ಣಿನ ರಸ ಅಚಾನಕ್ಕಾಗಿ ಸಿಕ್ಕಾಗ ಆ ಕೋಶಗಳು ಜೋರಾಗಿ ಮಿಡಿದವು. ರಸಕ್ಕೆ ಮೊದಲು ಬರುವ ಸೂಚನೆ ರೂಢಿಯಾದ ಮೇಲೆ ರಸಕ್ಕೆ ಮಿಡಿಯಲಿಲ್ಲ, ಸೂಚನೆಗೇ ಮಿಡಿದವು. ಸೂಚನೆ ಕೊಟ್ಟು ರಸ ಕೊಡದೆ ಇದ್ದರೆ? ರಸ ಬರಬೇಕಾದ ಆ ಹೊತ್ತಿಗೆ ಸರಿಯಾಗಿ ಮಿಡಿತ ಇಳಿಯಿತು! ಶುಲ್ಟ್ಸ್, ದಯಾನ್, ಮಾಂಟೆಗ್ಯೂ 1997ರಲ್ಲಿ ತೋರಿಸಿದ್ದು ಇಷ್ಟು: ಯಂತ್ರಗಳಿಗೆ ಕಲಿಸಲು ಸಟನ್ ಮತ್ತು ಬಾರ್ಟೊ ಬೆಳೆಸಿದ ಲೆಕ್ಕಕ್ಕೂ ಈ ಮಿಡಿತಕ್ಕೂ ತಾಳೆ ಬೀಳುತ್ತದೆ. ಯಂತ್ರಕ್ಕೆಂದು ಬರೆದ ಸೂತ್ರ ಮಂಗದ ತಲೆಯಲ್ಲಿ ಸಿಕ್ಕಿತು. ನನಗೆ ಇವತ್ತಿಗೂ ಇದು ಬೆರಗು.

ಈಗ ನಿಮ್ಮ ಮಳೆಗೆ ಬರೋಣ. ಅವತ್ತು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ ಬಿದ್ದದ್ದು 944 ಮಿಲಿಮೀಟರ್. ಕುಂದಾಪುರದ ಮಳೆ ನೋಡಿ ಬೆಳೆದ ನಿಮಗೂ ಅದು ಲೆಕ್ಕಕ್ಕೆ ಸಿಗದ ಮಳೆ. ಹಾಗಾಗಿ ಅಂತರವೇ ದೊಡ್ಡದಿತ್ತು. ಅದರ ಮೇಲೆ, ನಾನು ಮೇಲೆ ಹೇಳಿದ 'ಹತ್ತರಲ್ಲಿ ಒಂದು ಪಾಲು' ಯಾವಾಗಲೂ ಒಂದೇ ಇರುವುದಿಲ್ಲ. ಭಾವನೆ ಅದನ್ನು ಏರಿಸುತ್ತದೆ, ಇಳಿಸುತ್ತದೆ. ಪ್ರಾಣಭಯದ ಹೊತ್ತಿನಲ್ಲಿ ಅದು 0.9 ಆಯಿತು ಅಂದರೆ, 22 ದಿನದ ಪಾಠ ಒಂದೇ ದಿನದಲ್ಲಿ ಮುಗಿಯುತ್ತದೆ.

ಮಿದುಳಿನಲ್ಲಿ ಈ ಕೆಲಸ ಮಾಡುವುದರಲ್ಲಿ ಅಮಿಗ್ಡಲ ಎನ್ನುವ ಬಾದಾಮಿ ಗಾತ್ರದ ಭಾಗಕ್ಕೂ ಅಡ್ರಿನಲಿನ್ ಜಾತಿಯ ರಸಾಯನಗಳಿಗೂ ದೊಡ್ಡ ಪಾಲಿದೆ. 1994ರಲ್ಲಿ ಕಾಹಿಲ್, ಮೆಕ್‌ಗಾ ಮತ್ತವರ ಜೊತೆಗಾರರು ಒಂದಷ್ಟು ಜನರಿಗೆ ಚಿತ್ರ ತೋರಿಸುತ್ತ ಕಥೆ ಹೇಳಿದರು. ಕೆಲವರಿಗೆ ಹುಡುಗನೊಬ್ಬನಿಗೆ ಅಪಘಾತವಾಗುವ ಕಥೆ, ಕೆಲವರಿಗೆ ಸಪ್ಪೆ ಕಥೆ. ಅಡ್ರಿನಲಿನ್ ಕೆಲಸವನ್ನು ತಡೆಯುವ ಮಾತ್ರೆ ನುಂಗಿದವರಿಗೆ ವಾರದ ನಂತರ ಅಪಘಾತದ ಕಥೆ ಅಷ್ಟಾಗಿ ನೆನಪಿರಲಿಲ್ಲ. ಸಪ್ಪೆ ಕಥೆಯ ನೆನಪು ಮಾತ್ರ ಮಾತ್ರೆಯಿಂದ ಕೆಡಲಿಲ್ಲ.

ಕೆಂಜಿ ಡೋಯಾ ಎನ್ನುವ ಜಪಾನಿ ವಿಜ್ಞಾನಿ 2002ರಲ್ಲಿ ಇನ್ನೂ ಮುಂದೆ ಹೋಗಿ, ಮಿದುಳಿನ ನಾಲ್ಕು ರಸಾಯನಗಳನ್ನು ಈ ಲೆಕ್ಕದ ನಾಲ್ಕು ತಿರುಪುಗಳಿಗೆ ಜೋಡಿಸಿದರು. ಅಂತರಕ್ಕೆ ಡೋಪಮೈನ್, ಕಲಿಕೆಯ ವೇಗಕ್ಕೆ, ಅಂದರೆ ಆ 'ಹತ್ತರಲ್ಲಿ ಒಂದು ಪಾಲಿಗೆ', ಅಸಿಟೈಲ್‌ಕೋಲಿನ್, ಹೀಗೆ. ಚಂದದ ನಕ್ಷೆ, ಪ್ರಾಜೆಕ್ಟಿಗೂ ಅನುಕೂಲ. ಆದರೆ ಮಿದುಳು ಒಬ್ಬರಿಗೆ ಒಂದೇ ಕೆಲಸ ಕೊಡುವ ಆಫೀಸ್ ಅಲ್ಲ. ಮಗನಿಗೆ ಇದನ್ನು ಹೇಳಿಬಿಡಿ.

ಸರಿ, ಹೆದರಿಕೆ ಯಾಕೆ ಹೋಗಲಿಲ್ಲ? ನಿಮ್ಮ ಕಾಗದದಲ್ಲೇ ಉತ್ತರ ಇದೆ. ಮಳೆಗೆ ನೀವು ಹೊರಗೇ ಹೋಗುವುದಿಲ್ಲ. 'ಹೋದೆ, ಏನೂ ಆಗಲಿಲ್ಲ' ಅನ್ನುವ ಅಂತರ ಹುಟ್ಟುವುದೇ ಇಲ್ಲ. ಅಂತರ ಇಲ್ಲದಿದ್ದರೆ ನಿರೀಕ್ಷೆ ಇದ್ದಲ್ಲೇ ಇರುತ್ತದೆ. ಮಗನ ಪ್ರೋಗ್ರಾಮಿನಲ್ಲಿ 'ಹೆದರಿಕೆ 0.5 ದಾಟಿದರೆ ಮನೆಯಲ್ಲಿರು' ಅಂತ ಒಂದು ಸಾಲು ಸೇರಿಸಿ ಓಡಿಸಲು ಹೇಳಿ. ಗ್ರಾಫಿನಲ್ಲಿ ಹೆದರಿಕೆಯ ಗೆರೆ ಮೇಲೆ ಹತ್ತಿ ಅಲ್ಲೇ ಮಲಗಿಬಿಡುತ್ತದೆ.

ಇಲ್ಲಿ ಹಳೆಯ ಸೂತ್ರದ ಒಂದು ಸೋಲನ್ನೂ ಹೇಳಬೇಕು. ಅದರ ಪ್ರಕಾರ, ಸಾಕಷ್ಟು ಸಲ ಸುಖವಾಗಿ ಹೋಗಿಬಂದರೆ ಹೆದರಿಕೆ ಅಳಿಸಿಹೋಗಬೇಕು. ನಿಜದಲ್ಲಿ ಅಳಿಯುವುದಿಲ್ಲ. ಊಟದ ಸೂಚನೆಗೇ ಜೊಲ್ಲು ಸುರಿಸಲು ಕಲಿತ ಪಾವ್ಲೋವ್ ನಾಯಿಗಳ ಕಾಲದಿಂದ ಗೊತ್ತಿರುವ ಸಂಗತಿ ಇದು: ಹೋಯಿತು ಅಂದುಕೊಂಡದ್ದು ಕೆಲ ದಿನ ಬಿಟ್ಟು ತಾನಾಗಿ ಮರಳುತ್ತದೆ. ಹಳೆ ಪಾಠದ ಮೇಲೆ ಹೊಸ ಪಾಠ ಕೂರುತ್ತದೆ, ಅಷ್ಟೇ. ಅದಕ್ಕೇ ಒಮ್ಮೆ ಧೈರ್ಯ ಮಾಡಿದರೆ ಸಾಲದು. ಸಣ್ಣ ಮಳೆಯಲ್ಲಿ ಮೂಲೆಯ ಅಂಗಡಿಗೆ, ಆಮೇಲೆ ಸ್ಟೇಷನ್ನಿಗೆ, ಬೇರೆ ಬೇರೆ ದಿನ, ಬೇರೆ ಬೇರೆ ಜಾಗಕ್ಕೆ ಹೋಗಬೇಕು. ರೆಡ್ ಅಲರ್ಟ್ ದಿನ ಮನೆಯಲ್ಲೇ ಇರಿ, ಅದು ಹೆದರಿಕೆಯಲ್ಲ, ಬುದ್ಧಿ. ನಡುಕದಿಂದ ನಿದ್ದೆಯೂ ಕೆಡುತ್ತಿದ್ದರೆ ಮನೋವೈದ್ಯರನ್ನು ನೋಡಿ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಸುವುದು ಅವರಿಗೆ ಗೊತ್ತು.

ಇನ್ನು ಮರಾಠಿ. ಅಲ್ಲಿ ತಪ್ಪು ನಿಮ್ಮದಲ್ಲ, ನಿಮ್ಮ ತರಕಾರಿಯವಳದ್ದು. ಮರಾಠಿಯಲ್ಲಿ ಕೊತ್ತಂಬರಿ ಹೆಣ್ಣು. ನೀವು 'ಕೋಥಿಂಬೀರ್ ಕಶೀ ದಿಲೀ' (ಕೊತ್ತಂಬರಿ ಹೇಗೆ ಕೊಟ್ಟೆ) ಅನ್ನುವ ಬದಲು ಗಂಡಿನ ರೂಪದಲ್ಲಿ 'ಕಸಾ ದಿಲಾ' ಅಂದರೂ ಅವಳಿಗೆ ಅರ್ಥವಾಗುತ್ತದೆ, ಕೊತ್ತಂಬರಿ ಚೀಲಕ್ಕೆ ಬೀಳುತ್ತದೆ. ಅಂದುಕೊಂಡದ್ದೇ ಆಯಿತಲ್ವಾ, ಅಂತರ ಸೊನ್ನೆ! ನಾಳೆಯಿಂದ ಅವಳಿಗೆ ಹೇಳಿಡಿ, ತಪ್ಪಾಗಿ ಕೇಳಿದರೆ ಕೊತ್ತಂಬರಿ ಕೊಡಬೇಡ ಅಂತ.