ಹವಳ ತಿನ್ನುವ ಹುಳು ಮತ್ತೆ ಬರುವುದೇಕೆ?

ಪ್ರಶ್ನೆ: ನನ್ನ ಸಮುದ್ರ ಅಕ್ವೇರಿಯಂನಲ್ಲಿರುವ ಅಕ್ರೊಪೊರಾ ಹವಳವು ಬುಡದಿಂದ ಮೇಲಕ್ಕೆ ಬಣ್ಣಗೆಡುತ್ತಿತ್ತು. ನೀರಿನ ಪರೀಕ್ಷೆಯಲ್ಲಿ ದೋಷವೇನೂ ಕಾಣಲಿಲ್ಲ. ಅಯೋಡಿನ್ ದ್ರಾವಣದಲ್ಲಿ ಅದ್ದಿದಾಗ ಏಳೆಂಟು ಚಪ್ಪಟೆ ಹುಳುಗಳು ಉದುರಿದವು. ಎರಡು ವಾರ ಚೇತರಿಸಿಕೊಂಡಂತಿದ್ದ ಹವಳದ ಮೇಲೆ ಈಗ ಪುನಃ ಬಿಳಿ ಚುಕ್ಕೆಗಳು ಮೂಡಿವೆ. ಔಷಧದ ಪ್ರಮಾಣವನ್ನು ಹೆಚ್ಚಿಸಬೇಕೆ?

ಉತ್ತರ: ಹೆಚ್ಚಿಸಬೇಡಿ, ಹುಳುವಿಗಿಂತ ಮೊದಲು ಹವಳದ ಮೈಯೇ ಸುಟ್ಟೀತು. ದ್ರಾವಣವು ಹುಳುಗಳನ್ನು ಉದುರಿಸಿದೆ, ಅದಕ್ಕೆ ಬಗ್ಗದೆ ಉಳಿದದ್ದು ಮೊಟ್ಟೆಗಳು.

ನೀವು ಹೇಳಿರುವ ಲಕ್ಷಣಗಳು ಅಕ್ರೊಪೊರಾವನ್ನೇ ತಿಂದು ಬದುಕುವ ಚಪ್ಪಟೆ ಹುಳುವಿಗೆ ಹೊಂದುತ್ತವೆ. ವಿಜ್ಞಾನಿಗಳು ಇದನ್ನು ಹೊಸ ಪ್ರಭೇದವೆಂದು ವಿವರಿಸಿದ್ದು 2011ರಲ್ಲಿ, ಅದೂ ಅಕ್ವೇರಿಯಂಗಳಲ್ಲಿ ಸಾಕಿದ ಹವಳಗಳಿಂದ. ಆಸ್ಟ್ರೇಲಿಯದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಅದು ಕಂಡದ್ದು ಆಮೇಲೆ. ತಿಂದ ಹವಳದ ಬಣ್ಣವೇ ಅದರ ತೆಳು ಮೈಯೊಳಗಿಂದ ತೋರುವುದರಿಂದ, ಹುಳು ಕಣ್ಣೆದುರಿಗೇ ಇದ್ದರೂ ಗುರುತು ಹತ್ತುವುದಿಲ್ಲ; ಅದು ಕಚ್ಚಿದ ದುಂಡನೆಯ ಬಿಳಿ ಗುರುತುಗಳೇ ಮೊದಲು ಕಾಣುತ್ತವೆ.

ಹವಳವನ್ನು ಹೊರತೆಗೆದು, ಬುಡವನ್ನು ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿ. ಜೀವವಿರುವ ಭಾಗ ಮುಗಿದು ಬರಿಯ ಸುಣ್ಣದ ಕಡ್ಡಿ ತೊಡಗುವ ಅಂಚಿನಲ್ಲಿ, ಸೂಜಿಮೊನೆಯಷ್ಟಿರುವ ಕಂದು ಚುಕ್ಕೆಗಳು ಒತ್ತೊತ್ತಾಗಿ ಅಂಟಿಕೊಂಡಿದ್ದರೆ ಅವೇ ಮೊಟ್ಟೆಗಳು. ಒಂದೊಂದು ಕೋಶದೊಳಗೂ ಹಲವು ಮರಿಗಳಿರುತ್ತವೆ. ನೀರಿನ ಉಷ್ಣತೆಗೆ ತಕ್ಕಂತೆ ಅವು ಸುಮಾರು ಹತ್ತು ದಿನದಿಂದ ಮೂರು ವಾರದೊಳಗೆ ಒಡೆಯುತ್ತವೆ. ನಿಮ್ಮ ಹವಳ ಎರಡು ವಾರ ನೆಮ್ಮದಿಯಾಗಿದ್ದುದರ ಗುಟ್ಟು ಇದೇ.

ಆದ್ದರಿಂದ ಜೀವಂತ ಕೊಂಬೆಗಳನ್ನು ಕತ್ತರಿಸಿಕೊಂಡು, ಮೊಟ್ಟೆ ಹಿಡಿದ ಬುಡವನ್ನು ಎಸೆದುಬಿಡಿ. ಕೊಂಬೆಗಳನ್ನು ಬೇರೆ ತೊಟ್ಟಿಯಲ್ಲಿಟ್ಟು, ಕನಿಷ್ಠ ಆರು ವಾರ, ವಾರಕ್ಕೊಮ್ಮೆ ತಯಾರಕರು ಹೇಳಿದ ಪ್ರಮಾಣದಲ್ಲೇ ಅದ್ದಬೇಕು. ದ್ರಾವಣದೊಳಗೆ ಪಿಪೆಟ್‌ನಿಂದ ಕೊಂಬೆಗಳ ಸಂದಿಗೆ ರಭಸವಾಗಿ ನೀರು ಹಾಯಿಸಿದರೆ ಮರಿಹುಳುಗಳೂ ಕಳಚಿ ಬೀಳುತ್ತವೆ. ಬಿಳಿ ಬೋಗುಣಿಯಾದರೆ ಎಣಿಸಲೂ ಸುಲಭ. ಆ ನೀರನ್ನು ತೊಟ್ಟಿಗೆ ಹಿಂದಿರುಗಿಸಬೇಡಿ. ಈ ಅವಧಿಯಲ್ಲಿ ಮುಖ್ಯ ತೊಟ್ಟಿಯಲ್ಲಿ ಅಕ್ರೊಪೊರಾದ ಒಂದು ತುಣುಕೂ ಇರಕೂಡದು. ಅಲ್ಲಿ ಒಡೆದ ಮರಿಗಳು ಆಹಾರವಿಲ್ಲದೆ ಸಾಯುತ್ತವೆ. ಬಂಡೆಗೆ ಬೆಸೆದುಕೊಂಡ ಹವಳವನ್ನು ಮುರಿಯಲು ಯಾರಿಗೂ ಮನಸ್ಸು ಬಾರದು, ಆದರೆ ಅದೊಂದನ್ನು ಉಳಿಸಿಕೊಂಡವರು ಆರು ವಾರದ ಶ್ರಮವನ್ನು ನೀರಿಗೆ ಹಾಕಿದಂತೆ. ಹುಳು ತಿನ್ನುವ ಮೀನುಗಳನ್ನು ಕೆಲವರು ನೆಚ್ಚುತ್ತಾರೆ. ಅವು ಸಂಖ್ಯೆಯನ್ನು ತಗ್ಗಿಸಬಲ್ಲವೇ ಹೊರತು ಬೇರನ್ನು ಕೀಳಲಾರವು.

ಪ್ರಶ್ನೆ: ಬಂಡೆಯ ಮೇಲಿದ್ದ ಒಂದು ಐಪ್ಟೇಸಿಯಾವನ್ನು (ಕಳೆಯಂತೆ ಹರಡುವ ಕಡಲ ಹೂವು, ಅಂದರೆ ಸೀ ಅನಿಮೋನ್) ಚಾಕುವಿನಿಂದ ಕೆರೆದು ತೆಗೆದೆ. ಈಗ ಅಲ್ಲಿ ಆರು ಹುಟ್ಟಿವೆ. ಏಕೆ?

ಉತ್ತರ: ಕೆರೆದದ್ದರಿಂದಲೇ. ಈ ಕಡಲ ಹೂವಿನ ಪಾದದ ಚೂರೊಂದು ಉಳಿದರೂ ಅದು ಇಡೀ ಜೀವಿಯಾಗಿ ಬೆಳೆಯುತ್ತದೆ. ಬಿಡಿಬಿಡಿಯಾಗಿದ್ದರೆ ಗಟ್ಟಿಯಾಗಿ ಕಲಸಿದ ಸುಣ್ಣದ ನೀರನ್ನು ಸಿರಿಂಜ್‌ನಿಂದ ನೇರ ಅದರ ಬಾಯಿಗೆ ಬಿಡಿ. ಆ ಹೊತ್ತು ಪಂಪ್ ನಿಲ್ಲಿಸಿರಿ. ಹಲವಿದ್ದರೆ ಅವನ್ನು ತಿನ್ನುವ ಪೆಪ್ಪರ್‌ಮಿಂಟ್ ಸೀಗಡಿ ನೆರವಾಗಬಹುದು. ಕೊಳ್ಳುವಾಗ ಮಾತ್ರ ಎಚ್ಚರ: ಬೆನ್ನು ಗೂನಾಗಿ, ಕೆಂಪಿನ ನಡುವೆ ಬಿಳಿ ಗೆರೆಗಳಿರುವುದು ಒಂಟೆ ಸೀಗಡಿ, ಅದು ನಿಮ್ಮ ಹವಳವನ್ನೇ ಮೇಯುತ್ತದೆ.